ಗಾಮಾ ಸ್ಫೋಟದ ಉಳಿಬೆಳಕನ್ನು ಮೈಸೂರು–ಮಂಡ್ಯದಿಂದ ಹುಡುಕುವುದು ಹೇಗೆ

2022ರ ಅಕ್ಟೋಬರ್ 9ರ ಸಂಜೆ 6 ಗಂಟೆ 47 ನಿಮಿಷಕ್ಕೆ ಫರ್ಮಿ ಉಪಗ್ರಹ ಒಂದು ಗಾಮಾ ಕಿರಣ ಸ್ಫೋಟವನ್ನು, ಅಂದರೆ ದೂರದ ಗ್ಯಾಲಕ್ಸಿಯಿಂದ ಕೆಲಹೊತ್ತು ಬಂದು ಆರುವ ಗಾಮಾ ಕಿರಣಗಳ ಹೊಳಪನ್ನು, ಕಂಡಿತು. ಇದುವರೆಗೆ ದಾಖಲಾದವುಗಳಲ್ಲೆಲ್ಲ ಪ್ರಖರವಾದ ಜಿಆರ್‌ಬಿ (ಗಾಮಾ ರೇ ಬರ್ಸ್ಟ್) 221009ಎ ಅದೇ. ಮೈಸೂರಿನಲ್ಲಿ ಆಗ ಹೊತ್ತು ಮುಳುಗಿ ಮುಕ್ಕಾಲು ಗಂಟೆಯೂ ಆಗಿರಲಿಲ್ಲ. ಸ್ಫೋಟದ ಜಾಗ ಇಲ್ಲಿಂದ ಸುಮಾರು 80 ಡಿಗ್ರಿ ಎತ್ತರದಲ್ಲಿ, ಹೆಚ್ಚುಕಡಿಮೆ ನೆತ್ತಿಯ ಮೇಲೇ ಇತ್ತು. ಆದರೆ ದೂರದರ್ಶಕ ತಿರುಗಿಸಲು ಬೇಕಾದ ನಿಖರ ವಿಳಾಸ ಸಿಕ್ಕಿದ್ದು 53 ನಿಮಿಷ ಕಳೆದು, 7:40ಕ್ಕೆ ಸ್ವಿಫ್ಟ್ ಉಪಗ್ರಹ ಅದನ್ನು ಕಂಡ ಮೇಲೆ. ಅದೂ ನಮ್ಮ ಆಕಾಶಗಂಗೆಯದೇ ಯಾವುದೋ ಹೊಸ ಮೂಲವಿರಬೇಕೆಂಬ ಊಹೆಯ ಜೊತೆಗೆ. ಸಾಲದ್ದಕ್ಕೆ ಅಂದು ಹುಣ್ಣಿಮೆ. ದಾರಿಯಲ್ಲಿ ಆಕಾಶಗಂಗೆಯ ಧೂಳು ಬೇರೆ, ಸುಮಾರು 4 ಕಾಂತಿಮಾನದಷ್ಟು (ಕಾಂತಿಮಾನ ಹೊಳಪಿನ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಮಂಕು) ಬೆಳಕನ್ನು ನುಂಗಿತ್ತು. ಈ ಕೆಲಸದಲ್ಲಿ ಎದುರಾಗುವ ತೊಡಕುಗಳೆಲ್ಲ ಒಂದೇ ಸಂಜೆ ಸಾಲಾಗಿ ಬಂದು ನಿಂತಿದ್ದವು.

ಗಾಮಾ ಕಿರಣವನ್ನೇ ತಾರಸಿಯ ಮೇಲೆ ಹಿಡಿಯುವ ಆಸೆ ಬಿಡಿ. ವಾತಾವರಣ ಅದನ್ನು ಕೆಳಗೆ ಬಿಡುವುದಿಲ್ಲ. ವಿಕಿರಣ ಅಳೆಯುವ ಗೈಗರ್ ಕೌಂಟರ್ ಇಟ್ಟರೆ ಚಾಮುಂಡಿ ಬೆಟ್ಟದ ಗ್ರಾನೈಟ್ ಟಕಟಕ ಅನ್ನುತ್ತದೆಯೇ ಹೊರತು ಸ್ಫೋಟವಲ್ಲ. ಪತ್ತೆ ಹಚ್ಚುವುದು ಉಪಗ್ರಹದ ಕೆಲಸ. ಸ್ಫೋಟದ ಬೆನ್ನಿಗೇ ಮೂಡುವ, ಕಣ್ಣಿಗೆ ಕಾಣುವ ಬಗೆಯ ಬೆಳಕನ್ನು, ಅಂದರೆ ಆಫ್ಟರ್‌ಗ್ಲೋ ಎಂಬ ಉಳಿಬೆಳಕನ್ನು, ಹುಡುಕುವುದು ನಮ್ಮದು.

ಮೊದಲು ಸುದ್ದಿಯ ದಾರಿ. ಸ್ಫೋಟಗಳ ಸುದ್ದಿ ಹಂಚುವ ನಾಸಾದ ಜಿಸಿಎನ್ ಜಾಲದಲ್ಲಿ ಉಚಿತವಾಗಿ ಖಾತೆ ತೆರೆದು, ಕ್ಲೈಂಟ್ ಐಡಿ ಮತ್ತು ಸೀಕ್ರೆಟ್ ಪಡೆದು, ಪೈಥಾನ್‌ನ ಜಿಸಿಎನ್‌-ಕಾಫ್ಕಾ ಪ್ಯಾಕೇಜನ್ನು ವೀಕ್ಷಣೆಯ ಕಂಪ್ಯೂಟರಿನಲ್ಲೇ ಓಡಿಸಿ. ಇಮೇಲ್ ನೆಚ್ಚಿಕೊಂಡರೆ ಅಮೂಲ್ಯವಾದ ಮೊದಲ ನಿಮಿಷಗಳು ಹೋದಂತೆಯೇ. ಎಲ್ಲ ಎಚ್ಚರಿಕೆಗಳಿಗೂ ಚಂದಾದಾರರಾಗಬೇಡಿ. ಸ್ವಿಫ್ಟ್‌ನ ಬ್ಯಾಟ್ ಉಪಕರಣದ ಸ್ಥಾನ (ನೋಟಿಸ್ ಸಂಖ್ಯೆ 61) ಸುಮಾರು 3 ಆರ್ಕ್‌ಮಿನಿಟ್ ತಪ್ಪಿನೊಳಗೆ ಇರುತ್ತದೆ (ಡಿಗ್ರಿಯ ಅರವತ್ತನೇ ಒಂದು ಭಾಗ ಆರ್ಕ್‌ಮಿನಿಟ್, ಅದರ ಅರವತ್ತನೇ ಒಂದು ಭಾಗ ಆರ್ಕ್‌ಸೆಕೆಂಡ್). ಉಪಗ್ರಹ ಕೂಡಲೇ ತಿರುಗಿದರೆ ಒಂದೆರಡು ನಿಮಿಷದಲ್ಲಿ ಅದರ ಎಕ್ಸ್ ಕಿರಣ ದೂರದರ್ಶಕವಾದ ಎಕ್ಸ್‌ಆರ್‌ಟಿಯ ಸ್ಥಾನ (ಸಂಖ್ಯೆ 67) ಕೆಲವೇ ಆರ್ಕ್‌ಸೆಕೆಂಡುಗಳಿಗೆ ಇಳಿಯುತ್ತದೆ. 2024ರ ಜೂನ್‌ನಲ್ಲಿ ಹಾರಿದ ಫ್ರಾನ್ಸ್–ಚೀನಾದ ಸ್ವೋಮ್ ಉಪಗ್ರಹವನ್ನೂ ಸೇರಿಸಿಕೊಳ್ಳಿ. ಅದು ಹೆಚ್ಚಾಗಿ ಸೂರ್ಯನಿಗೆ ಬೆನ್ನು ಹಾಕಿ ನೋಡುವುದರಿಂದ ಅದು ಕಂಡ ಸ್ಫೋಟ ಭೂಮಿಯಲ್ಲಿ ರಾತ್ರಿ ಇರುವ ಕಡೆಯ ಆಕಾಶದಲ್ಲೇ ಇರುತ್ತದೆ. ಫರ್ಮಿಯ ಜಿಬಿಎಂ ಉಪಕರಣ ವರ್ಷಕ್ಕೆ 200ಕ್ಕೂ ಹೆಚ್ಚು ಸ್ಫೋಟ ಹಿಡಿಯುತ್ತದೆ, ಆದರೆ ಅದು ಕೊಡುವ ಜಾಗದಲ್ಲಿ ಹಲವು ಡಿಗ್ರಿಗಳ ಅನಿಶ್ಚಿತತೆ. 5 ಡಿಗ್ರಿ ತ್ರಿಜ್ಯದ ವೃತ್ತವೆಂದರೆ 78 ಚದರ ಡಿಗ್ರಿ. ಮುಂದೆ ಹೇಳುವ ಕ್ಯಾಮೆರಾದಲ್ಲಿ 65 ಫ್ರೇಮ್. ಅಷ್ಟು ಮುಗಿಸುವ ಹೊತ್ತಿಗೆ ಬೆಳಕೇ ಆರಿರುತ್ತದೆ.

ಎಷ್ಟು ಸಿಕ್ಕೀತು ಅಂತ ಲೆಕ್ಕ ಹಾಕಿಕೊಂಡೇ ಕೈಹಾಕಿ. ಸ್ವಿಫ್ಟ್ ವರ್ಷಕ್ಕೆ ಸುಮಾರು 90 ಕೊಡುತ್ತದೆ ಎನ್ನಿ. ಯಾವುದೇ ಕ್ಷಣ 30 ಡಿಗ್ರಿಗಿಂತ ಮೇಲಿರುವುದು ಇಡೀ ಆಕಾಶದ ಕಾಲು ಭಾಗ, ದಿನದಲ್ಲಿ ಗಾಢ ಕತ್ತಲೆ ಹೆಚ್ಚೆಂದರೆ 10 ಗಂಟೆ. ಉಳಿದದ್ದು 9. ಮೋಡಕ್ಕೆ ಅರ್ಧ ಕಳೆಯಿರಿ. ಮಿಕ್ಕ ನಾಲ್ಕೈದರಲ್ಲಿ 8 ಇಂಚಿನ ಕನ್ನಡಿಗೆ ಎಟುಕುವಷ್ಟು ಬೆಳಗುವುದು ಒಂದೋ ಎರಡೋ. ಅದಕ್ಕೇ ವ್ಯವಸ್ಥೆ ತಾನಾಗಿ ಓಡಬೇಕು. ಎದ್ದು ಕಾಯುವ ಕೆಲಸ ಇದಲ್ಲ.

ಉಪಕರಣ: 200 ಮಿ.ಮೀ. ಎಫ್/5 ನ್ಯೂಟೋನಿಯನ್, ತಂಪಾಗಿಸುವ ಕಪ್ಪು-ಬಿಳುಪು ಸಿಮೋಸ್ ಕ್ಯಾಮೆರಾ, ಗೋ-ಟು ಈಕ್ವಟೋರಿಯಲ್ ಮೌಂಟ್ (ಧ್ರುವದತ್ತ ಚಾಚಿದ ಅಕ್ಷದ ಸುತ್ತ ತಿರುಗಿ, ಹೇಳಿದ ಜಾಗಕ್ಕೆ ತಾನೇ ಹೋಗುವ ಆಧಾರ). 3.76 ಮೈಕ್ರಾನ್ ಪಿಕ್ಸೆಲ್‌ನ ಎಪಿಎಸ್‌-ಸಿ ಸೆನ್ಸರನ್ನು 1000 ಮಿ.ಮೀ. ನಾಭಿದೂರಕ್ಕೆ ಹಾಕಿದರೆ ಪಿಕ್ಸೆಲ್‌ಗೆ 0.78 ಆರ್ಕ್‌ಸೆಕೆಂಡ್, 2×2 ಬಿನ್ ಮಾಡಿ (ನಾಲ್ಕು ಪಿಕ್ಸೆಲನ್ನು ಒಂದಾಗಿ ಓದಿಸಿ) 1.55 ಇಟ್ಟುಕೊಳ್ಳಿ. ನೋಟದ ಹರವು 1.35 × 0.9 ಡಿಗ್ರಿ. ಬ್ಯಾಟ್‌ನ ತಪ್ಪುವೃತ್ತ ಇದರೊಳಗೆ ಆರಾಮಾಗಿ ಕೂರುತ್ತದೆ.

ನಮ್ಮ ಕಡೆ ಕೈಕೊಡುವುದು ಮೌಂಟು. ಮೈಸೂರು 12.3 ಡಿಗ್ರಿ ಅಕ್ಷಾಂಶದಲ್ಲಿದೆ, ಧ್ರುವ ಅಕ್ಷ ಬಹುತೇಕ ಮಲಗಿರುತ್ತದೆ. ತೂಕದ ಸರಳು ಕೆಳಗಿಳಿದಾಗ ಉತ್ತರದ ಕಾಲಿಗೆ ಬಡಿಯುತ್ತದೆ. ನಡುರಾತ್ರಿ ತಾನಾಗಿ ತಿರುಗುವ ಮೌಂಟ್ ಹೀಗೆ ತಗುಲಿಕೊಂಡರೆ ಮೋಟಾರ್ ಸ್ಟೆಪ್ ತಪ್ಪುತ್ತದೆ, ಆ ಮೇಲೆ ಅದು ತೋರಿಸುವ ಜಾಗವೆಲ್ಲ ಸುಳ್ಳು. ಒಂದು ಕಾಲು ದಕ್ಷಿಣಕ್ಕೆ, ಎರಡು ಕಾಲು ಉತ್ತರಕ್ಕೆ ಬರುವಂತೆ ಟ್ರೈಪಾಡ್ ತಿರುಗಿಸಿ, ನಡುವೆ ಮೌಂಟನ್ನು ಎತ್ತರಿಸುವ ಒಂದು ಗೇಣಿನ ಪಿಯರ್ ಎಕ್ಸ್‌ಟೆನ್ಷನ್ ಹಾಕಿ. ಬಳಿಕ ಹಗಲಿನಲ್ಲೇ ಆಕಾಶದ ಎಲ್ಲ ಮೂಲೆಗೂ ಒಮ್ಮೆ ತಿರುಗಿಸಿ, ಕಣ್ಣಾರೆ ನೋಡಿ. ಧ್ರುವ ನಕ್ಷತ್ರವೂ 12 ಡಿಗ್ರಿಯಲ್ಲೇ ಇರುವುದರಿಂದ ತೆಂಗಿನ ಮರದ ಹಿಂದೋ ಮಬ್ಬಿನೊಳಗೋ ಅಡಗಿರುತ್ತದೆ. ಅಕ್ಷವನ್ನು ಧ್ರುವಕ್ಕೆ ಹೊಂದಿಸುವ, ನಿನಾ ತಂತ್ರಾಂಶದ ತ್ರೀ ಪಾಯಿಂಟ್ ಅಲೈನ್‌ಮೆಂಟಿಗೆ ಅದು ಕಾಣಲೇಬೇಕೆಂದಿಲ್ಲ.

ಜಾಗಕ್ಕೆ ಬಂದರೆ, ಮೇಲುಕೋಟೆಯ ಸುತ್ತಲಿನ ಎತ್ತರ ಒಳ್ಳೆಯದು. ಮೈಸೂರಿನ ಬೆಳಕು ದಕ್ಷಿಣಕ್ಕೆ, ಮಂಡ್ಯದ್ದು ಆಗ್ನೇಯಕ್ಕೆ ಉಳಿಯುತ್ತದೆ. ನಾಲೆ ಬಯಲಿನಲ್ಲಿ ನವೆಂಬರ್‌ನಿಂದ ಜನವರಿವರೆಗೆ ಇಬ್ಬನಿ ಕನ್ನಡಿಯ ಮೇಲೇ ಕೂರುತ್ತದೆ, ಹೀಟರ್ ಬೇಕೇ ಬೇಕು. ಆಲೆಮನೆಯ ಹೊಗೆ, ಕಬ್ಬಿನ ಸೋಗೆ ಸುಟ್ಟ ಹೊಗೆ ನೆಲಮಟ್ಟದಲ್ಲಿ ಹರಡಿ ತಗ್ಗಿನ ನಕ್ಷತ್ರಗಳನ್ನು ಮಂಕಾಗಿಸುತ್ತದೆ. ಮೈಸೂರಿನ ತಾರಸಿಯಿಂದಲೂ ಆದೀತು. ಬಿಸಿಲುಂಡ ಕಾಂಕ್ರೀಟು ಆರುವವರೆಗೆ ನಕ್ಷತ್ರ ಕುಣಿಯುತ್ತದೆ, ದಸರೆಯ ಹತ್ತು ರಾತ್ರಿ ಸುಮ್ಮನಿರಿ. ಕರೆಂಟನ್ನು ನಂಬಬೇಡಿ. ಮೌಂಟ್, ಕ್ಯಾಮೆರಾ, ಮಿನಿ ಪಿಸಿ, ಹೀಟರ್ ಸೇರಿ 12 ವೋಲ್ಟಿನಲ್ಲಿ ಆರೂವರೆ ಆಂಪಿಯರ್ ಎಳೆಯುತ್ತವೆ. 7 ಗಂಟೆಗೆ ಬ್ಯಾಟರಿಯಿಂದ 45 ಆಂಪಿಯರ್-ಅವರ್ ಹೋಗುತ್ತದೆ.

ಸಂಜೆಯೇ ಫ್ಲಾಟ್ (ಕ್ಯಾಮೆರಾದ ಹೊಳಪಿನ ಏರುಪೇರು ತಿದ್ದಲು ಸಮನಾದ ಬೆಳಕಿನ ಚಿತ್ರ) ತೆಗೆದು, ಕ್ಯಾಮೆರಾ ತಂಪು ಮಾಡಿ, ಫೋಕಸ್ ಹಿಡಿದು ದೂರದರ್ಶಕವನ್ನು ನೆತ್ತಿಯ ಕಡೆ ನಿಲ್ಲಿಸಿ. ಧ್ರುವದ ಕಡೆ ನಿಲ್ಲಿಸಿದರೆ ತಿರುಗುವುದರಲ್ಲೇ ಅರ್ಧ ನಿಮಿಷ ಹೋಗಬಹುದು. ಎಚ್ಚರಿಕೆ ಬಂದೊಡನೆ ಸ್ಕ್ರಿಪ್ಟ್ ಮೂರು ಪ್ರಶ್ನೆ ಕೇಳಲಿ: ಎತ್ತರ 30 ಡಿಗ್ರಿ ಮೀರಿದೆಯೇ? ಚಂದ್ರ ದೂರವಿದ್ದಾನೆಯೇ? ನೋಟಿಸಿನಲ್ಲಿ ಹಳೆಯ ಮೂಲ ಅಥವಾ ಸುಳ್ಳು ಎಂಬ ಗುರುತಿಲ್ಲ ತಾನೇ? ಸ್ವಿಫ್ಟ್‌ನ ಸ್ಟಾರ್ ಟ್ರ್ಯಾಕರ್ ದಿಕ್ಕುತಪ್ಪಿದಾಗಲೂ ಸ್ಫೋಟದಂತೆಯೇ ಸುದ್ದಿ ಬರುತ್ತದೆ. ಪಾಸಾದರೆ ಫಿಲ್ಟರ್ ಇಲ್ಲದೆ 10 ಸೆಕೆಂಡಿನ 10 ಚಿತ್ರ, 30ರ 10, ಆಮೇಲೆ 60ರವು, ಒಂದೂವರೆ ಗಂಟೆ. ಪ್ರತಿ ಕೆಲವು ಚಿತ್ರಕ್ಕೊಮ್ಮೆ ಹತ್ತಾರು ಪಿಕ್ಸೆಲ್ ಡಿದರ್ ಮಾಡಿಸಿ, ಅಂದರೆ ದೂರದರ್ಶಕವನ್ನು ಅಷ್ಟು ಸರಿಸಿ.

ಈ ಆತುರಕ್ಕೆ ಕಾರಣವಿದೆ. ಸಾಮಾನ್ಯವಾಗಿ ಉಳಿಬೆಳಕು ಕಳೆದ ಸಮಯಕ್ಕೆ ವಿಲೋಮವಾಗಿ ಕುಗ್ಗುತ್ತದೆ: ಸಮಯ ಹತ್ತು ಪಟ್ಟಾದರೆ 2.5 ಕಾಂತಿಮಾನ ನಷ್ಟ. 2 ನಿಮಿಷಕ್ಕೆ 14.5 ಇದ್ದದ್ದು 20 ನಿಮಿಷಕ್ಕೆ 17, 200 ನಿಮಿಷಕ್ಕೆ 19.5. ಹಳ್ಳಿಯ ಕತ್ತಲಲ್ಲೂ 60 ಸೆಕೆಂಡಿನ ಒಂದು ಚಿತ್ರ 18ರ ಆಸುಪಾಸಿಗೆ ನಿಲ್ಲುತ್ತದೆ. ದೊಡ್ಡ ಕನ್ನಡಿಗಿಂತ ಬೇಗ ತಿರುಗುವ ಚಿಕ್ಕ ಕನ್ನಡಿ ಲಾಭ. 1999ರ ಜನವರಿ 23ರ ಸ್ಫೋಟವನ್ನು 9ನೇ ಕಾಂತಿಮಾನದಲ್ಲಿ ಹಿಡಿದ ರೋಟ್ಸೆ, ಕ್ಯಾಮೆರಾ ಲೆನ್ಸುಗಳ ಸಣ್ಣ ರೋಬಾಟ್ ಅಷ್ಟೆ.

ಈಗ ಹುಡುಕಾಟ. ಆಸ್ಟ್ಯಾಪ್ ತಂತ್ರಾಂಶದಲ್ಲಿ ಪ್ಲೇಟ್ ಸಾಲ್ವ್ ಮಾಡಿ (ಚಿತ್ರ ಆಕಾಶದ ಯಾವ ಜಾಗದ್ದೆಂದು ಗುರುತಿಸಿ), ಐದೈದು ಚಿತ್ರ ಸೇರಿಸಿ, ತಪ್ಪುವೃತ್ತವನ್ನು ಪ್ಯಾನ್‌ಸ್ಟಾರ್ಸ್ ಸಮೀಕ್ಷೆಯ ಹಳೆಯ ಚಿತ್ರದ ಜೊತೆ ಒಂದಾದ ಮೇಲೊಂದು ಮಿಟುಕಿಸಿ ನೋಡಿ. ಡೆಕ್ಲಿನೇಷನ್ (ಆಕಾಶದ ಅಕ್ಷಾಂಶ) −30ಕ್ಕಿಂತ ಕೆಳಗೆ ಪ್ಯಾನ್‌ಸ್ಟಾರ್ಸ್ ಇಲ್ಲ, ಅಲ್ಲಿಗೆ ಸ್ಕೈಮ್ಯಾಪರ್. ಹೊಸ ಚುಕ್ಕೆ ಕಂಡೊಡನೆ ಕುಣಿಯಬೇಡಿ. ಡಿದರ್ ಮಾಡಿದರೂ ಸೆನ್ಸರಿನ ಅದೇ ಪಿಕ್ಸೆಲ್‌ನಲ್ಲಿ ಕೂತಿದ್ದರೆ ಅದು ಬಿಸಿ ಪಿಕ್ಸೆಲ್. ಒಂದೇ ಚಿತ್ರದಲ್ಲಿ ಕಂಡು ಮಾಯವಾದರೆ ಉಪಗ್ರಹದ ಮಿಂಚು. ಕ್ಷುದ್ರಗ್ರಹ ಗಂಟೆಗೆ 30 ಆರ್ಕ್‌ಸೆಕೆಂಡಿನ ಆಸುಪಾಸು ನಡೆಯುತ್ತದೆ, ಹದಿನೈದು ನಿಮಿಷದಲ್ಲಿ ಐದು ಪಿಕ್ಸೆಲ್. ಕ್ಷುದ್ರಗ್ರಹ ಗುರುತಿಸುವ ಎಂಪಿ ಚೆಕರ್ ಜಾಲತಾಣದಲ್ಲಿ ಕೇಳಿದರೆ ಹೆಸರೇ ಹೇಳುತ್ತದೆ. ಕೆಂಪು ಕುಬ್ಜಗಳು ಜ್ವಾಲೆ ಎಬ್ಬಿಸಿ ಮೋಸ ಮಾಡುವುದುಂಟು. ಗಾಯಾ ನಕ್ಷತ್ರಪಟ್ಟಿಯಲ್ಲಿ ಆ ಜಾಗದಲ್ಲಿ ನಕ್ಷತ್ರವಿದೆಯೇ ನೋಡಿ. ಕದಲದೆ ಮಂಕಾಗುತ್ತ ಹೋದರೆ, ಎಕ್ಸ್‌ಆರ್‌ಟಿ ವೃತ್ತದೊಳಗೂ ಬಿದ್ದರೆ, ಆಗ ಮಾತು.

ಕಾಂತಿಮಾನವನ್ನು ಪ್ಯಾನ್‌ಸ್ಟಾರ್ಸ್‌ನ ಆರ್ ಪಟ್ಟಿಗೆ ಹೋಲಿಸಿ ಅಳೆಯಿರಿ. ಫಿಲ್ಟರ್ ಇರಲಿಲ್ಲ, ಧೂಳಿನ ತಿದ್ದುಪಡಿ ಮಾಡಿಲ್ಲ ಎಂದು ಬರೆಯಿರಿ. ಹೆಚ್ಚು ಎಡವುವುದು ಸಮಯದಲ್ಲಿ. ಬೆಳಗಿನ ಜಾವ 5:30ರವರೆಗೆ ಯುಟಿಸಿ ತಾರೀಖು ನಿನ್ನೆಯದೇ, ಸ್ಫೋಟದ ಹೆಸರೂ ಆ ತಾರೀಖಿನದೇ. ಕಂಪ್ಯೂಟರ್ ಗಡಿಯಾರಕ್ಕೆ ಎನ್‌ಟಿಪಿ (ಅಂತರ್ಜಾಲದಿಂದ ಸಮಯ ಹೊಂದಿಸುವ ವ್ಯವಸ್ಥೆ) ಕೊಡಿ, ಸ್ಫೋಟದಿಂದ ಎಕ್ಸ್‌ಪೋಷರಿನ ನಡುಗಾಲದವರೆಗಿನ ಸೆಕೆಂಡು ಲೆಕ್ಕ ಹಾಕಿ. ವೀಕ್ಷಕರು ಫಲಿತಾಂಶ ತಿಳಿಸುವ ಜಿಸಿಎನ್ ಸರ್ಕ್ಯುಲರಿಗೆ ಇಷ್ಟಿದ್ದರೆ ಸಾಕು. ಏನೂ ಕಾಣದಿದ್ದರೂ "ಇಷ್ಟು ಹೊತ್ತಿಗೆ 18.1ಕ್ಕಿಂತ ಮಂಕು" ಎಂಬ ಮಿತಿಯನ್ನು ಕಳಿಸಿ, ಮಾದರಿ ಕಟ್ಟುವವರಿಗೆ ಅದೂ ಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಮುಚ್ಚಿದಾಗ ಇನ್ನೊಂದು ಆಟವಿದೆ. ತೀರಾ ಬಲವಾದ ಸ್ಫೋಟ ಅಯಾನುಗೋಳವನ್ನು (ರೇಡಿಯೊ ಅಲೆಗಳನ್ನು ಪ್ರತಿಫಲಿಸುವ ವಾತಾವರಣದ ಮೇಲ್ಪದರ) ಅಲುಗಿಸುತ್ತದೆ. 221009ಎ ಹಾಗೆ ಅಲುಗಿಸಿದ್ದು ಯುರೋಪಿನ ವಿಎಲ್‌ಎಫ್ (ತೀರಾ ಕಡಿಮೆ ಆವರ್ತನದ) ರೇಡಿಯೊಗಳಲ್ಲಿ ದಾಖಲಾಯಿತು. ತಿರುನೆಲ್ವೇಲಿ ಕಡೆಯ ನೌಕಾಪಡೆ ಕೇಂದ್ರದ 18.2 ಕಿಲೋಹರ್ಟ್ಸ್ ಸಂಕೇತ ನಮಗೆ ಗಟ್ಟಿಯಾಗಿ ಕೇಳುತ್ತದೆ. ಒಂದು ಮೀಟರ್ ಚೌಕದ ಮರದ ಚೌಕಟ್ಟಿಗೆ 0.5 ಮಿ.ಮೀ. ಎನಾಮಲ್ ತಂತಿ 40 ಸುತ್ತು ಸುತ್ತಿದ ಆಂಟೆನಾ, ಒಂದು ಪ್ರೀಆಂಪ್, 48 ಕಿಲೋಹರ್ಟ್ಸ್ ಸೌಂಡ್ ಕಾರ್ಡ್ ಸಾಕು. ಚೌಕಟ್ಟನ್ನು ಪಂಪ್‌ಸೆಟ್ ಸ್ಟಾರ್ಟರು, ಎಲ್‌ಇಡಿ ಬಲ್ಬುಗಳಿಂದ ದೂರವಿಟ್ಟು ಮೊದಲು ಹಗಲಿನ ಸೌರ ಜ್ವಾಲೆಗಳ ಮೇಲೆ ಕೈ ಪಳಗಿಸಿ. ಸೂರ್ಯೋದಯ, ಸೂರ್ಯಾಸ್ತದ ಆಚೀಚೆ ಒಂದು ಗಂಟೆ ಸಂಕೇತ ತಾನಾಗಿಯೇ ಏರಿಳಿಯುತ್ತದೆ, ಆ ಹೊತ್ತಿನ ಗೀಟುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. 221009ಎ ಬಂದ ಆ ಸಂಜೆಯ 6:47 ಬರುವುದು ಸರಿಯಾಗಿ ಅಲ್ಲೇ.