ವಿದೇಶಿ ಕಂಪನಿ ಕಿವಿಗೊಡದಿದ್ದರೆ ದೂರು ಕೊಡುವುದು ಹೇಗೆ?

ಕಾಂಗೋ ದೇಶದ ಬುಕಾವು ನಗರದಲ್ಲಿ ಒಂದು ಬಿಯರ್ ಕಾರ್ಖಾನೆ. ನಡೆಸುತ್ತಿದ್ದದ್ದು ಬ್ರಾಲಿಮಾ ಎಂಬ ಕಂಪನಿ. ಅದರ ಒಡೆತನ ನೆದರ್ಲೆಂಡ್ಸ್‌ನ ಹೈನೆಕೆನ್‌ನದು. 1999ರಿಂದ 2003ರವರೆಗೆ, ಯುದ್ಧದ ದಿನಗಳಲ್ಲಿ, ತಮ್ಮನ್ನು ಅನ್ಯಾಯವಾಗಿ ಕೆಲಸದಿಂದ ತೆಗೆದರು ಎಂಬುದು ಅಲ್ಲಿನ 168 ಮಂದಿಯ ದೂರು. ವರ್ಷಗಳು ಕಳೆದರೂ ಅವರು ಬಿಡಲಿಲ್ಲ. 2015ರ ಡಿಸೆಂಬರ್‌ನಲ್ಲಿ ದೂರು ನೆದರ್ಲೆಂಡ್ಸ್‌ಗೆ, ಅಲ್ಲಿನ ಸರ್ಕಾರ ಇಂಥದ್ದಕ್ಕೆಂದೇ ಮಾಡಿದ ಒಂದು ಕೇಂದ್ರಕ್ಕೆ ಹೋಯಿತು. 2017ರಲ್ಲಿ ಮಾತುಕತೆ ಮುಗಿದು ಪರಿಹಾರದ ಒಪ್ಪಂದವಾಯಿತು.

ಅಂಥ ಕೇಂದ್ರಕ್ಕೆ ರಾಷ್ಟ್ರೀಯ ಸಂಪರ್ಕ ಕೇಂದ್ರ ಎಂದು ಹೆಸರು. ಬಳಕೆಯಲ್ಲಿ ಎನ್‌ಸಿಪಿ. ಇದರ ಹಿಂದಿರುವುದು ಪ್ಯಾರಿಸ್‌ನಲ್ಲಿ ಮುಖ್ಯ ಕಚೇರಿ ಇರುವ ಒಇಸಿಡಿ ಎಂಬ ದೇಶಗಳ ಒಕ್ಕೂಟ. ಬಹುರಾಷ್ಟ್ರೀಯ ಕಂಪನಿಗಳು ಹೇಗೆ ನಡೆದುಕೊಳ್ಳಬೇಕು ಎಂದು ಅದು 1976ರಲ್ಲಿ ಮಾರ್ಗಸೂಚಿ ಹೊರಡಿಸಿತು. 2011ರಲ್ಲಿ ಮಾನವ ಹಕ್ಕುಗಳ ಅಧ್ಯಾಯ ಸೇರಿತು. 2023ರಲ್ಲಿ ಇನ್ನೊಮ್ಮೆ ಪರಿಷ್ಕರಣೆ ಆಯಿತು. ಇದನ್ನು ಒಪ್ಪಿಕೊಂಡ 50ಕ್ಕೂ ಹೆಚ್ಚು ದೇಶಗಳು ತಮ್ಮಲ್ಲಿ ಒಂದೊಂದು ಎನ್‌ಸಿಪಿ ಇಡಲೇಬೇಕು. ಕಾರ್ಮಿಕರು, ಊರಿನವರು, ಸಂಘಟನೆಗಳು, ಯಾರು ಬೇಕಾದರೂ ದೂರು ಕೊಡಬಹುದು. ವಕೀಲರು ಬೇಕೇ ಬೇಕು ಅಂತಿಲ್ಲ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಎನ್‌ಸಿಪಿ ಕೋರ್ಟ್ ಅಲ್ಲ. ದಂಡ ಹಾಕುವ ಅಧಿಕಾರ ಅದಕ್ಕಿಲ್ಲ, ಪರಿಹಾರ ಕೊಡಿ ಎಂದು ಆದೇಶ ಮಾಡುವಂತಿಲ್ಲ. ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸುವುದು, ಕೊನೆಗೆ ನಡೆದದ್ದನ್ನು ಬರೆದು ಎಲ್ಲರಿಗೂ ಕಾಣುವಂತೆ ಪ್ರಕಟಿಸುವುದು ಅದರ ಕೆಲಸ. ಜನರ ಪ್ರಾಣಕ್ಕೆ ಈಗಲೇ ಅಪಾಯ ಇದ್ದರೆ ಮೊದಲು ಸ್ಥಳೀಯ ಅಧಿಕಾರಿಗಳ ಹತ್ತಿರ, ಕೋರ್ಟಿಗೆ ಹೋಗಿ. ಎರಡೂ ದಾರಿ ಒಟ್ಟಿಗೆ ಹಿಡಿಯಬಹುದು. ಕೋರ್ಟಿನಲ್ಲಿ ಕೇಸ್ ಇದೆ ಎಂಬ ಒಂದೇ ಕಾರಣಕ್ಕೆ ಎನ್‌ಸಿಪಿ ದೂರನ್ನು ಕೈಬಿಡುವ ಹಾಗಿಲ್ಲ.

ಕೊನೆಯ ಪುಟ ಮೊದಲು ಬರೆಯಿರಿ

ದೂರು ಬರೆಯಲು ಕೂತವರು ಪಟ್ಟ ಕಷ್ಟದಿಂದಲೇ ಶುರು ಮಾಡುತ್ತಾರೆ. ಅದು ಸಹಜ. ಆದರೆ ಇಪ್ಪತ್ತು ಪುಟ ಕಷ್ಟ ಬರೆದು ಕೊನೆಗೆ ‘ನಮಗೆ ನ್ಯಾಯ ಬೇಕು’ ಎಂದು ಮುಗಿಸಿದರೆ, ಕಂಪನಿ ಏನು ಮಾಡಬೇಕು ಎಂಬುದೇ ಅದರಲ್ಲಿ ಇರುವುದಿಲ್ಲ. ಈ ವ್ಯವಸ್ಥೆ ನಿಂತಿರುವುದೇ ಮಾತುಕತೆಯ ಮೇಲೆ. ಮಾತುಕತೆಗೆ ಬೇಕಾದದ್ದು ಕಂಪನಿ ‘ಆಗಲಿ’ ಅಥವಾ ‘ಆಗದು’ ಎಂದು ನೇರವಾಗಿ ಉತ್ತರಿಸಬೇಕಾದ ಬೇಡಿಕೆ.

‘ಬಾವಿ ನೀರನ್ನು ಕಂಪನಿಗೆ ಸಂಬಂಧವಿಲ್ಲದ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿ, ವರದಿಯನ್ನು ನಮ್ಮ ಕೈಗೂ ಕೊಡಬೇಕು.’ ‘ಸಂಘ ಕಟ್ಟಿದ್ದಕ್ಕೆ ತೆಗೆದ ಈ ಒಂಬತ್ತು ಜನರನ್ನು ಇಂಥ ತಾರೀಖಿನೊಳಗೆ ವಾಪಸ್ ತೆಗೆದುಕೊಳ್ಳಬೇಕು.’ ಹೀಗೆ ಬರೆಯಿರಿ. ತೊಂದರೆಗೆ ಸಿಕ್ಕವರೆಲ್ಲ ಒಂದು ಕಡೆ ಕೂತು ಇದನ್ನು ತೀರ್ಮಾನಿಸಿ. ಯಾವುದನ್ನು ಬಿಟ್ಟುಕೊಡಬಹುದು, ಯಾವುದನ್ನು ಏನೇ ಆದರೂ ಬಿಡಬಾರದು ಎಂಬುದೂ ಅಲ್ಲೇ ನಿಕ್ಕಿಯಾಗಲಿ. ಮಾತುಕತೆ ನಡುವೆ ಒಳಗೇ ಜಗಳ ಹುಟ್ಟಿದರೆ ಆವರೆಗೆ ಪಟ್ಟ ಶ್ರಮವೆಲ್ಲ ನೀರಿನಲ್ಲಿ ಹೋಮ.

ಯಾವ ದೇಶಕ್ಕೆ ಕಳಿಸಬೇಕು

ತೊಂದರೆ ನಡೆದ ದೇಶದಲ್ಲಿ ಎನ್‌ಸಿಪಿ ಇದ್ದರೆ ಅಲ್ಲಿಗೆ. ಇಲ್ಲದಿದ್ದರೆ ಕಂಪನಿಯ ತವರು ದೇಶದ ಎನ್‌ಸಿಪಿಗೆ. ಒಡಿಶಾದ ನಿಯಮಗಿರಿ ಬೆಟ್ಟದಲ್ಲಿ ಬಾಕ್ಸೈಟ್ ಗಣಿ ಬೇಡ ಎಂಬ ದೂರು ಹೋದದ್ದು ಬ್ರಿಟನ್‌ಗೆ. ಭಾರತ ಈ ಮಾರ್ಗಸೂಚಿಯನ್ನು ಒಪ್ಪಿಕೊಂಡ ದೇಶವಲ್ಲ, ಆದರೆ ಗಣಿ ತೆಗೆಯಲು ಹೊರಟಿದ್ದ ವೇದಾಂತ ರಿಸೋರ್ಸಸ್ ಬ್ರಿಟನ್‌ನ ಕಂಪನಿಯಾಗಿತ್ತು. ಡೋಂಗ್ರಿಯಾ ಕೊಂಧ್ ಆದಿವಾಸಿಗಳ ಪರವಾಗಿ ಸರ್ವೈವಲ್ ಇಂಟರ್‌ನ್ಯಾಷನಲ್ ಸಂಸ್ಥೆ 2008ರ ಡಿಸೆಂಬರ್‌ನಲ್ಲಿ ಅದನ್ನು ಸಲ್ಲಿಸಿತು.

ನಂಟು ತೋರಿಸುವುದೇ ಕಷ್ಟದ ಕೆಲಸ

‘ಅದು ನಮ್ಮ ಕಾರ್ಖಾನೆ ಅಲ್ಲ, ಸರಕು ಪೂರೈಸುವವರದು.’ ದೊಡ್ಡ ಕಂಪನಿಗಳಿಂದ ಬಹಳ ಸಲ ಬರುವ ಉತ್ತರ ಇದು. ಇದಕ್ಕೆ ಹೆದರಿ ಹಿಂದೆ ಸರಿಯಬೇಡಿ. ಮಾರ್ಗಸೂಚಿ ಮೂರು ಬಗೆಯ ಹೊಣೆ ಗುರುತಿಸುತ್ತದೆ. ಕಂಪನಿಯೇ ಹಾನಿ ಮಾಡಿರಬಹುದು. ಬೇರೆಯವರು ಮಾಡಿದ ಹಾನಿಗೆ ಕೈಜೋಡಿಸಿರಬಹುದು. ಇಲ್ಲವೇ ತನ್ನ ವ್ಯವಹಾರದ ಮೂಲಕ ಆ ಹಾನಿಗೆ ನೇರ ನಂಟು ಹೊಂದಿರಬಹುದು. ನಿಮ್ಮದು ಯಾವ ಬಗೆ ಎಂದು ದೂರಿನಲ್ಲೇ ಹೇಳಿ.

ಕಾಂಬೋಡಿಯಾದಲ್ಲಿ ಸಕ್ಕರೆ ಕಂಪನಿಯೊಂದಕ್ಕಾಗಿ ನೂರಾರು ಕುಟುಂಬಗಳು ಭೂಮಿ ಕಳೆದುಕೊಂಡವು. ಅವರ ಪರ ನಿಂತವರು 2014ರಲ್ಲಿ ದೂರು ಕೊಟ್ಟದ್ದು ಆ ಸಕ್ಕರೆ ಕಂಪನಿಗೆ ಸಾಲ ಕೊಟ್ಟಿದ್ದ ಎಎನ್‌ಜೆಡ್ ಬ್ಯಾಂಕಿನ ಮೇಲೆ, ಆಸ್ಟ್ರೇಲಿಯಾದ ಎನ್‌ಸಿಪಿಗೆ. 2020ರಲ್ಲಿ ಬ್ಯಾಂಕು ಆ ಸಾಲದಿಂದ ಬಂದ ಲಾಭವನ್ನು ಆ ಕುಟುಂಬಗಳಿಗಾಗಿ ಬಿಟ್ಟುಕೊಡಲು ಒಪ್ಪಿತು. ಮಣ್ಣು ಮುಟ್ಟದ ಬ್ಯಾಂಕು ಕೂಡ ಲೆಕ್ಕ ಕೊಡಬೇಕಾಯಿತು, ಅಲ್ವಾ?

ಹಾಗಾಗಿ ಹಣ ಎಲ್ಲಿಂದ ಬರುತ್ತದೆ, ಸರಕು ಎಲ್ಲಿಗೆ ಹೋಗುತ್ತದೆ ಎಂದು ಎರಡೂ ದಿಕ್ಕಿನಲ್ಲಿ ಹುಡುಕಿ. ಬಟ್ಟೆಗೆ ಹೊಲಿದ ಲೇಬಲ್, ಪೆಟ್ಟಿಗೆ ಮೇಲಿನ ವಿಳಾಸ, ಕಂಪನಿಯ ವಾರ್ಷಿಕ ವರದಿ, ಅದೇ ಪ್ರಕಟಿಸಿದ ಪೂರೈಕೆದಾರರ ಪಟ್ಟಿ, ಇವೆಲ್ಲ ಪುರಾವೆ.

ದೂರಿನ ಒಳಗೆ ಏನಿರಬೇಕು

ನೀವು ಯಾರು, ಈ ವಿಷಯ ನಿಮಗೇಕೆ ಸಂಬಂಧಿಸಿದ್ದು ಎಂದು ತಿಳಿಸಿ. ಯಾವ ಕಂಪನಿ ಎಂದು ಪೂರ್ತಿ ಹೆಸರು ಬರೆಯಿರಿ. ನಡೆದದ್ದನ್ನು ತಾರೀಖಿನ ಪ್ರಕಾರ ಜೋಡಿಸಿ. ಪ್ರತಿ ಘಟನೆಯ ಪಕ್ಕದಲ್ಲಿ ಅದು ಮಾರ್ಗಸೂಚಿಯ ಯಾವ ಅಧ್ಯಾಯ, ಯಾವ ಪ್ಯಾರಾ ಮುರಿಯುತ್ತದೆ ಎಂದು ನಮೂದಿಸಿ. ಕಾರ್ಮಿಕ ಸಂಬಂಧ, ಪರಿಸರ, ಲಂಚ, ಗ್ರಾಹಕರ ಹಿತ, ತೆರಿಗೆ, ಒಂದೊಂದಕ್ಕೂ ಬೇರೆ ಅಧ್ಯಾಯ ಇದೆ. ಹತ್ತು ಆರೋಪ ಸುಮ್ನೆ ತುಂಬುವುದಕ್ಕಿಂತ ದಾಖಲೆ ಇರುವ ಮೂರು ಸಾಕು ಎಂಬುದು ನನ್ನ ಅಭಿಪ್ರಾಯ. ಒಂದು ಸುಳ್ಳೆಂದು ತೋರಿಸಿದರೂ ಉಳಿದದ್ದರ ಮೇಲೆ ಅನುಮಾನ ಬೀಳುತ್ತದೆ.

ಕೊಲೆ ಕೇಸಿನಲ್ಲಿ ಕೇಳುವಷ್ಟು ಸಾಕ್ಷ್ಯ ಇಲ್ಲಿ ಬೇಡ. ಮಾತಿಗೆ ಆಧಾರ ಇರಬೇಕು, ಅಷ್ಟೆ. ಸಂಬಳದ ಚೀಟಿ, ಆಸ್ಪತ್ರೆಯ ಚೀಟಿ, ತಾರೀಖು ಇರುವ ಫೋಟೊ, ಕಂಪನಿಗೆ ಬರೆದ ಪತ್ರ, ಸಹಿ ಹಾಕಿದ ಹೇಳಿಕೆ. ಅಸಲನ್ನು ನಿಮ್ಮ ಹತ್ತಿರವೇ ಇಟ್ಟುಕೊಂಡು ನಕಲು ಕಳಿಸಿ. ಕಂಪನಿ ಜತೆ ಮೊದಲೇ ಮಾತಾಡಲು ನೋಡಿದ್ದರೆ ಅದನ್ನೂ ಬರೆಯಿರಿ. ಬರೆಯಲು ನೆರವು ಬೇಕಾದರೆ ಒಇಸಿಡಿ ವಾಚ್ ಎಂಬ ಸಂಘಟನೆಗಳ ಜಾಲ ಇಂಥ ದೂರುಗಳಿಗೆ ಸಹಾಯ ಮಾಡುತ್ತದೆ.

ಹೆಸರು ಹೊರಬಂದರೆ ಅಪಾಯವೇ?

ಎನ್‌ಸಿಪಿ ನಿಮ್ಮ ದೂರನ್ನು ಕಂಪನಿಗೆ ತೋರಿಸುತ್ತದೆ. ಇದು ಎಲ್ಲರಿಗೂ ಮೊದಲೇ ಗೊತ್ತಿರಲಿ. ಕೆಲಸ ಹೋಗುವ, ಹೊಡೆತ ಬೀಳುವ ಭಯ ಇದ್ದರೆ ಹೆಸರು ಮುಚ್ಚಿಡಿ ಎಂದು ಕಾರಣ ಕೊಟ್ಟು ಕೇಳಿ, ಅಥವಾ ಸಂಘಟನೆಯೊಂದರ ಹೆಸರಿನಲ್ಲಿ ಕೊಡಿ. ದೂರು ಕೊಟ್ಟವರ ಮೇಲೆ ಸೇಡು ತೀರಿಸಿಕೊಳ್ಳಬಾರದು ಎಂಬ ಮಾತಿಗೆ 2023ರ ಪರಿಷ್ಕರಣೆ ಒತ್ತು ಕೊಟ್ಟಿದೆ. ಆದರೂ ಯಾರ ಹೆಸರನ್ನೂ ಅವರನ್ನು ಕೇಳದೆ ಬರೆಯಬೇಡಿ.

ಕೊಟ್ಟ ಮೇಲೆ

ದೂರು ಮುಂದುವರಿಸಲು ಯೋಗ್ಯವೇ ಎಂದು ಎನ್‌ಸಿಪಿ ಮೊದಲು ಪರಿಶೀಲಿಸುತ್ತದೆ. ಅದಕ್ಕೆ ಸಾಮಾನ್ಯವಾಗಿ ಮೂರು ತಿಂಗಳು, ಇಡೀ ಪ್ರಕರಣಕ್ಕೆ ಸುಮಾರು ಒಂದು ವರ್ಷ ಎಂಬುದು ಲೆಕ್ಕ. ಬಹಳ ಸಲ ಜಾಸ್ತಿಯೇ ಹಿಡಿಯುತ್ತದೆ. ಒಪ್ಪಿಕೊಂಡರೆ ಎರಡೂ ಕಡೆಯವರನ್ನು ಮಾತುಕತೆಗೆ ಕರೆಯುತ್ತದೆ. ಆ ಕೋಣೆಯಲ್ಲಿ ಆಡಿದ ಮಾತನ್ನು ಹೊರಗೆ ಹೇಳುವಂತಿಲ್ಲ.

ಒಪ್ಪಂದದ ಪದಗಳನ್ನು ಒಂದೊಂದಾಗಿ ಓದಿ. ಕಾಂಗೋದ ವಿರುಂಗಾ ರಾಷ್ಟ್ರೀಯ ಉದ್ಯಾನದಲ್ಲಿ ತೈಲ ಹುಡುಕುತ್ತಿದ್ದ ಸೋಕೊ ಕಂಪನಿಯ ಮೇಲೆ ವನ್ಯಜೀವಿ ಸಂರಕ್ಷಣೆಯ ಸಂಸ್ಥೆ ಡಬ್ಲ್ಯುಡಬ್ಲ್ಯುಎಫ್ 2013ರಲ್ಲಿ ಬ್ರಿಟನ್‌ನ ಎನ್‌ಸಿಪಿಗೆ ದೂರು ಕೊಟ್ಟಿತು. 2014ರ ಜೂನ್‌ನಲ್ಲಿ ಕಂಪನಿ, ಅಲ್ಲಿ ತೈಲಬಾವಿ ಕೊರೆಯುವುದಿಲ್ಲ ಎಂದು ಒಪ್ಪಿತು. ದೊಡ್ಡ ಗೆಲುವು. ಆದರೆ ಒಪ್ಪಂದದಲ್ಲಿ ಒಂದು ಷರತ್ತೂ ಇತ್ತು: ಕೊರೆಯುವುದರಿಂದ ಉದ್ಯಾನದ ವಿಶ್ವ ಪರಂಪರೆ ಸ್ಥಾನಕ್ಕೆ ಧಕ್ಕೆ ಇಲ್ಲ ಎಂದು ಯುನೆಸ್ಕೊ ಮತ್ತು ಕಾಂಗೋ ಸರ್ಕಾರ ಒಪ್ಪುವ ತನಕ. ಇಂಥ ‘ತನಕ’, ‘ಹೊರತು’ ಎಲ್ಲಿ ಬಂದರೂ ಅಲ್ಲಿ ನಿಂತು ಅದರ ಅರ್ಥವನ್ನು ಕೇಳಿ.

ಕಂಪನಿ ಮಾತಿಗೇ ಬಾರದಿದ್ದರೆ? ನಿಯಮಗಿರಿ ವಿಷಯದಲ್ಲಿ ಹಾಗೇ ಆಯಿತು. ಆದರೂ ಬ್ರಿಟನ್‌ನ ಎನ್‌ಸಿಪಿ 2009ರ ಸೆಪ್ಟೆಂಬರ್‌ನಲ್ಲಿ ಅಂತಿಮ ಹೇಳಿಕೆ ಪ್ರಕಟಿಸಿತು. ಡೋಂಗ್ರಿಯಾ ಕೊಂಧರ ಜತೆ ಸಮಾಲೋಚಿಸುವ ತಕ್ಕ ವ್ಯವಸ್ಥೆಯನ್ನು ಕಂಪನಿ ಸಕಾಲದಲ್ಲಿ ಮಾಡಿರಲಿಲ್ಲ ಎಂದು ಅದರಲ್ಲಿ ಬರೆಯಿತು. 2010ರ ಫೆಬ್ರುವರಿಯಲ್ಲಿ ಚರ್ಚ್ ಆಫ್ ಇಂಗ್ಲೆಂಡ್ ವೇದಾಂತದಲ್ಲಿದ್ದ ತನ್ನ ಷೇರು ಮಾರಿತು.

ಅಂತಿಮ ಹೇಳಿಕೆ ಕೈಗೆ ಬಂದರೆ ಫೈಲಿನಲ್ಲಿ ಇಟ್ಟು ಮರೆಯಬೇಡಿ. ಅದರ ಪ್ರತಿಯನ್ನು ಕಂಪನಿಯ ಷೇರುದಾರರಿಗೆ, ಸಾಲ ಕೊಟ್ಟ ಬ್ಯಾಂಕುಗಳಿಗೆ, ಸರಕು ಕೊಳ್ಳುವವರಿಗೆ, ಪತ್ರಿಕೆಗಳಿಗೆ ಕಳಿಸಿ. ಹೇಳಿದ ಮಾತು ಕಂಪನಿ ನಡೆಸಿಕೊಟ್ಟಿತೇ ಎಂದು ಇಂಥ ತಾರೀಖಿಗೆ ಮತ್ತೆ ಪರಿಶೀಲಿಸಿ ಎಂದು ಎನ್‌ಸಿಪಿಯನ್ನು ಬರಹದಲ್ಲೇ ಕೇಳಿ.