ದೊಡ್ಡಪ್ಪನ ಫೋಟೊದ ಹಳದಿ ಬೋಗಿ ಕೊನೆಗೂ ಸಿಕ್ಕಿತು

1955ರಲ್ಲಿ ಡಿಸ್ನಿಲ್ಯಾಂಡ್ ಶುರುವಾದಾಗ ಓಡುತ್ತಿದ್ದ ಹಳದಿ ರೈಲು ಬೋಗಿಗಳನ್ನು ಹುಡುಕುತ್ತಿರುವವರಿಗೆ ಇದು ಉಪಯೋಗಕ್ಕೆ ಬರಬಹುದು. ಅಂಥದೊಂದು ಬೋಗಿಯ ಪಕ್ಕ ನಮ್ಮ ದೊಡ್ಡಪ್ಪ ಸೂಟು ಹಾಕಿಕೊಂಡು ನಿಂತ ಫೋಟೊ ಮನೆಯಲ್ಲಿದೆ.

ಆ ಸೆಟ್‌ನ ಹೆಸರು ‘ರೆಟ್ಲಾ 1’. ಜನ ಹತ್ತಿ ಇಳಿಯೋದು ತುಂಬಾ ನಿಧಾನ ಅಂತ 1970ರ ದಶಕದಲ್ಲಿ ಅದನ್ನು ನಿಲ್ಲಿಸಿದರು. ಹೆಚ್ಚಿನ ಬೋಗಿಗಳು ಆಮೇಲೆ ಪಾರ್ಕ್ ಬಿಟ್ಟು ಹೋಗಿ, ಕೊನೆಗೆ ಕ್ಯಾಲಿಫೋರ್ನಿಯಾದಲ್ಲೇ ಇರುವ ಸಾಂಟಾ ಮಾರ್ಗರಿಟಾ ರಾಂಚ್ ಸೇರಿದವು. ಅಲ್ಲಿಯ ಚಿತ್ರಗಳನ್ನೆಲ್ಲ ಫೋಟೊ ಪಕ್ಕ ಇಟ್ಟು ನೋಡಿದೆ, ಕಿಟಕಿಗಳೇನೋ ಅದೇ ಥರ, ಆದರೆ ಯಾವುದೂ ಪೂರ್ತಿ ಹೊಂದಲಿಲ್ಲ.

ಫೋಟೊವನ್ನು ಸ್ಕ್ಯಾನ್ ಮಾಡಿ ದೊಡ್ಡದು ಮಾಡಿದಾಗ ಉತ್ತರ ಸಿಕ್ಕಿತು. ದೊಡ್ಡಪ್ಪನ ಮೊಣಕೈ ಹಿಂದೆ, ಬೋಗಿಯ ತುದಿಯಲ್ಲಿ, ಕಂಬಿ ಹಾಕಿದ ತೆರೆದ ಜಗಲಿಯಂಥ ಜಾಗ! ಅಂದರೆ ರೈಲಿನ ಕೊನೆಯ ಬೋಗಿ, ‘ಗ್ರ್ಯಾಂಡ್ ಕ್ಯಾನ್ಯನ್’. ಅದು ಪಾರ್ಕ್ ಬಿಟ್ಟು ಹೋಗಲೇ ಇಲ್ಲ. ಅದನ್ನೇ ಗಣ್ಯರಿಗಾಗಿ ಸಿಂಗರಿಸಿ, ವಾಲ್ಟ್ ಡಿಸ್ನಿಯವರ ಹೆಂಡತಿ ಲಿಲಿಯನ್ ಗೌರವಕ್ಕೆ ‘ಲಿಲ್ಲಿ ಬೆಲ್’ ಅಂತ ಹೆಸರಿಟ್ಟರು. ಹಳೇ ಹೆಸರಲ್ಲಿ ಹುಡುಕಿದರೆ ಸಿಗೋದು ಕಷ್ಟ, ಅಲ್ವಾ? ಹಾಗಾಗಿ ಬಣ್ಣ, ಹೆಸರು ನಂಬಬೇಡಿ, ಬೋಗಿಯ ಆಕಾರ ನೋಡಿ. ದೊಡ್ಡಪ್ಪನಿಗೆ ಎರಡೂ ಚಿತ್ರ ಕಳಿಸಿದ್ದೇನೆ, ತುಂಬಾ ಖುಷಿಪಟ್ಟರು.