ಸೆಕೆಂಡ್ ಹ್ಯಾಂಡ್ ಇ-ಟ್ರಾನ್ ತಗೊಂಡಿದ್ದು ಹೀಗೆ

2022ರ ಆಡಿ ಇ-ಟ್ರಾನ್ 55, ಎಲೆಕ್ಟ್ರಿಕ್ ಕಾರು, ಬೆಂಗಳೂರು ಗಾಡಿ. ಲಾಂಚ್ ಆದಾಗ ಎಕ್ಸ್ ಶೋರೂಂ 1.16 ಕೋಟಿ ಇತ್ತು, ನಂಗೆ ಅದರ ಅರ್ಧಕ್ಕಿಂತ ಕಮ್ಮಿಗೆ ಸಿಕ್ತು. ಇಷ್ಟು ಕಮ್ಮಿಗೆ ಕೊಡ್ತಿದಾರೆ ಅಂದ್ರೆ ಏನೋ ಐಬಿರ್ಬೇಕು ಅಂತ ಮನೇಲಿ ಎಲ್ರೂ ಅಂದ್ರು, ಆದ್ರೆ ಐಬು ಗಾಡೀದಲ್ಲ, ಮಾರ್ಕೆಟ್‌ದು.

ಬಿಎಂಡಬ್ಲ್ಯು ಐಎಕ್ಸ್1 ನೋಡಿ, ಅದೂ ಎಲೆಕ್ಟ್ರಿಕ್ಕೇ. 2023ರಲ್ಲಿ ಹೊರಗಿಂದ ತರಿಸಿ ಮಾರಿದಾಗ 66.90 ಲಕ್ಷ, 2025 ಜನವರಿಲಿ ಚೆನ್ನೈಲಿ ಜೋಡಿಸಿದ ಉದ್ದದ ಮಾಡೆಲ್ ಬಂತು 49 ಲಕ್ಷಕ್ಕೆ. ಹೊಸದರಲ್ಲಿ ಒಂದೇ ಮೋಟಾರು, ಪವರ್ ಕಮ್ಮಿ, ಅದೆಲ್ಲ ಸರಿ, ಆದ್ರೆ ಹಳೇದು ಇಟ್ಕೊಂಡೋರ ಗಾಡಿಗೆ ಆಮೇಲೆ ಯಾರು ಐವತ್ತು ಕೊಡ್ತಾರೆ ಹೇಳಿ! ಇನ್ನು ಇ-ಟ್ರಾನ್, ಜಾಗ್ವಾರ್ ಐ-ಪೇಸ್, ಮರ್ಸಿಡಿಸ್ ಇಕ್ಯುಸಿ, ನಮ್ಮಲ್ಲಿ ಮೊದಮೊದಲು ಬಂದ ಈ ಮೂರು ಲಕ್ಸುರಿ ಎಲೆಕ್ಟ್ರಿಕ್ ಕಾರುಗಳೂ ಈಗ ತಯಾರಾಗ್ತಿಲ್ಲ. ಇ-ಟ್ರಾನ್ ಮಾಡ್ತಿದ್ದ ಬ್ರಸೆಲ್ಸ್ ಫ್ಯಾಕ್ಟರಿನೇ 2025ರಲ್ಲಿ ಮುಚ್ಚಿತು. ನಿಂತುಹೋದ ಮಾಡೆಲ್ ಅಂದ ತಕ್ಷಣ ಕೊಳ್ಳೋರು ಹಿಂದೆ ಸರೀತಾರೆ.

ಇನ್ನೊಂದು, ಇಂಥ ಗಾಡಿ ಸುಮಾರು ಕಂಪನಿ ಹೆಸರಲ್ಲೇ ಇರುತ್ತೆ. ಇನ್‌ಕಮ್ ಟ್ಯಾಕ್ಸಲ್ಲಿ ಮಾಮೂಲಿ ಕಾರಿಗೆ ವರ್ಷಕ್ಕೆ 15% ಡಿಪ್ರಿಸಿಯೇಷನ್ (ಸವಕಳಿ) ಆದ್ರೆ ಎಲೆಕ್ಟ್ರಿಕ್‌ಗೆ 40%, ಹಾಗಾಗಿ ಮೂರು ವರ್ಷಕ್ಕೆ ಲೆಕ್ಕದ ಪುಸ್ತಕದಲ್ಲಿ ಅದರ ಬೆಲೆ ಕಾಲುಭಾಗದ ಹತ್ರ ಇಳಿದಿರುತ್ತೆ, ಅಂಥೋರು ರೇಟಿಗೆ ಜಾಸ್ತಿ ಎಳೆದಾಡಲ್ಲ. ನಂಗೆ ಕೊಟ್ಟೋರೂ ಹಾಗೇ.

ಕೆಎ ನಂಬರ್‌ದೇ ಬೇಕು ಅಂತ ಹುಡುಕಿದ್ದಕ್ಕೆ ಕಾರಣ ಟ್ಯಾಕ್ಸು. 2024ರಿಂದ ಕರ್ನಾಟಕದಲ್ಲಿ 25 ಲಕ್ಷ ದಾಟಿದ ಎಲೆಕ್ಟ್ರಿಕ್ ಕಾರಿಗೆ 10% ಲೈಫ್‌ಟೈಮ್ ಟ್ಯಾಕ್ಸ್, ಅದಕ್ಕೂ ಮುಂಚೆ ಇಲ್ಲಿ ರಿಜಿಸ್ಟರ್ ಆಗಿದ್ದಕ್ಕೆ ಅದಿರ್ಲಿಲ್ಲ. ದೆಹಲಿ ಗಾಡಿ ಎಷ್ಟೇ ಸಸ್ತಾ ಸಿಕ್ರೂ ತಂದು ನಂಬರ್ ಬದಲಾಯಿಸೋ ತಲೆನೋವು ಯಾರಿಗ್ಬೇಕು.

ಮುಖ್ಯ ಅಂದ್ರೆ ಬ್ಯಾಟರಿ. ಬ್ರೋಕರ್ "ಸಾರ್, ಓಡಿರೋದೇ ಕಮ್ಮಿ, ಶೋರೂಂ ಕಂಡೀಷನ್" ಅಂತಾನೇ ಇದ್ರು, ನಾನು ಅಡ್ವಾನ್ಸ್ ಕೊಟ್ಟು ಒಂದು ರಾತ್ರಿ ಗಾಡಿ ಮನೆಗೆ ತಂದೆ. ಬ್ಯಾಟರಿ 95 ಯೂನಿಟ್ (kWh) ಅಂತ ಬರೆದಿದ್ರೂ ಬಳಕೆಗೆ ಸಿಗೋದು ಸುಮಾರು 86 ಯೂನಿಟ್. ಚಾರ್ಜ್ 10%ಗೆ ಇಳಿಸಿ ವಾಲ್ ಬಾಕ್ಸಿಗೆ (ಮನೆ ಗೋಡೆಯ ಚಾರ್ಜರಿಗೆ) ಹಾಕಿ ಮಲಗಿದೆ. 100 ಆಗೋಕೆ ಬ್ಯಾಟರಿ ಒಳಗೆ 77 ಯೂನಿಟ್ ಹೋಗ್ಬೇಕು, ಮನೆ ಕರೆಂಟಿನ (ಎಸಿ) ಚಾರ್ಜಿಂಗಲ್ಲಿ ಹತ್ತು ಪರ್ಸೆಂಟ್ ಆಸುಪಾಸು ಶಾಖವಾಗಿ ಹೋಗುತ್ತೆ, ಹಾಗಾಗಿ ಹೊಸ ಬ್ಯಾಟರಿ ಆಗಿದ್ರೆ ಮೀಟರಲ್ಲಿ 85ರ ಮೇಲೆ ಬರ್ಬೇಕು. ಬೆಳಗ್ಗೆ ನೋಡಿದ್ರೆ 81. ಅಂದ್ರೆ ಬ್ಯಾಟರಿ ಹೊಸದರ 94%ರ ಹತ್ರ ಇದೆ, ಈ ವಯಸ್ಸಿಗೆ ಚೆನ್ನಾಗೇ ಇದೆ. ಮೀಟರಲ್ಲಿ 70ರ ಹತ್ರ ಏನಾದ್ರೂ ಬಂದಿದ್ರೆ ಅಲ್ಲಿಗೇ ಕೈ ಬಿಡ್ತಿದ್ದೆ.

ಬ್ಯಾಟರಿ ವಾರಂಟಿ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರು, ಶುರುವಾಗೋದು ನಾನು ತಗೊಂಡ ದಿನದಿಂದಲ್ಲ, ಗಾಡಿ ಮೊದಲು ಡೆಲಿವರಿ ಆದ ದಿನದಿಂದ. ಹಾಗಾಗಿ ನಂಗೆ 2030ರವರೆಗೆ ಚಿಂತೆ ಇಲ್ಲ, ಅದಾದ ಮೇಲೆ ಇದನ್ನ ಯಾರೂ ಮುಟ್ಟಲ್ಲ ಅಂತ ಈಗ್ಲೇ ಲೆಕ್ಕ ಹಾಕಿದೀನಿ. ಮಾರೋದಾದ್ರೆ 2028ರೊಳಗೆ, ಮುಂದಿನೋರಿಗೂ ಒಂದೆರಡು ವರ್ಷ ವಾರಂಟಿ ಉಳಿದಿರ್ಬೇಕು. ಇಲ್ಲಾಂದ್ರೆ ಓಡೋವರೆಗೂ ನಾನೇ ಓಡಿಸೋದು.

ಏರ್ ಸಸ್ಪೆನ್ಷನ್ (ಸ್ಪ್ರಿಂಗ್ ಬದಲು ಗಾಳಿ ತುಂಬಿದ ಚೀಲ) ಲೀಕ್ ಇದೆಯಾ ಅಂತಾನೂ ಅದೇ ರಾತ್ರಿ ನೋಡ್ಕೊಂಡೆ, ಬೆಳಗ್ಗೆ ಗಾಡಿ ಒಂದು ಕಡೆ ಕೂತಿರ್ಲಿಲ್ಲ. ಟೈರ್ ನಾಲ್ಕೂ ಸವೆದಿತ್ತು, ಎರಡೂವರೆ ಟನ್ ಗಾಡಿ ಅಲ್ವಾ, ಅದನ್ನ ತೋರಿಸಿ ರೇಟಲ್ಲಿ ಇಳಿಸ್ಕೊಂಡೆ.